ನಿಮಗಿದು ಗೊತ್ತೆ? ಮೂಳೆ ಕೂಡಿಸಲು ಕಾಂತಕ್ಷೇತ್ರ!

ಮುರಿದ ಮೂಳೆ ತಿಂಗಳುಗಟ್ಟಲೆ ಕೂಡಿಕೊಳ್ಳದಿದ್ದರೆ ವೈದ್ಯರು ಕೆಲವೊಮ್ಮೆ ಕಾಂತಕ್ಷೇತ್ರದ ನೆರವು ಪಡೆಯುತ್ತಾರೆ. ಮೈಗೆ ಕಟ್ಟಿಕೊಳ್ಳುವ ತಂತಿಸುರುಳಿ, ಅದಕ್ಕೊಂದು ಬ್ಯಾಟರಿ. ಸಾಧನ ಇಷ್ಟೇ.

● ಸುರುಳಿಯಲ್ಲಿ ವಿದ್ಯುತ್ ಮಿಡಿಮಿಡಿದು ಹರಿದಾಗ ಕಾಂತಕ್ಷೇತ್ರ ಏರಿಳಿಯುತ್ತದೆ; ಅದರಿಂದ ಅಂಗಾಂಶದಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಇದಕ್ಕೆ ಆಧಾರ 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದ ತತ್ವ.

● ಕೂಡದ ಮೂಳೆಯ ಚಿಕಿತ್ಸೆಗೆಂದು ಇಂಥ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1979ರಲ್ಲಿ ಒಪ್ಪಿಗೆ ಕೊಟ್ಟಿತು. ಇದರ ಹಿಂದೆ ದುಡಿದವರಲ್ಲಿ ಪ್ರಮುಖರು ಕೊಲಂಬಿಯಾ ವಿಶ್ವವಿದ್ಯಾಲಯದ ಮೂಳೆತಜ್ಞ ಆಂಡ್ರ್ಯೂ ಬ್ಯಾಸೆಟ್.

● ಖಿನ್ನತೆಗೆ ಆಸ್ಪತ್ರೆಯಲ್ಲಿ ತಲೆಯ ಮೇಲೆ ಕಾಂತಮಿಡಿತ ಹಾಯಿಸಿ ಕೊಡುವ ಟಿಎಂಎಸ್ ಚಿಕಿತ್ಸೆಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಕ್ಷೇತ್ರಬಲ ಒಂದು ಟೆಸ್ಲಾವನ್ನೂ ಮೀರುತ್ತದೆ. ಮೈಗೆ ಕಟ್ಟಿಕೊಳ್ಳುವ ಸಾಧನಗಳದು ಸಾಮಾನ್ಯವಾಗಿ ಅದಕ್ಕಿಂತ ತೀರಾ ಕಡಿಮೆ.

● ರಕ್ತದಲ್ಲಿ ಕಬ್ಬಿಣವಿದ್ದರೂ ಅಯಸ್ಕಾಂತ ಅದನ್ನು ಸೆಳೆಯದು. ಆಮ್ಲಜನಕ ತುಂಬಿದ ರಕ್ತವನ್ನು ಅತಿ ದುರ್ಬಲವಾಗಿ ಹಿಮ್ಮೆಟ್ಟಿಸುತ್ತದೆ!

● ದಣಿವು, ನಿದ್ರಾಹೀನತೆ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಕಾಂತಚಿಕಿತ್ಸೆಯೊಂದೇ ಮದ್ದು ಎಂಬ ಜಾಹೀರಾತುಗಳಿಗೆ ಗಟ್ಟಿ ಪುರಾವೆಯಿಲ್ಲ.

ಪೇಸ್‌ಮೇಕರ್ ಅಳವಡಿಸಿಕೊಂಡವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಂಥ ಸಾಧನಗಳನ್ನು ಬಳಸಬಾರದು.