ರಾಮಗಢದ ಟ್ಯಾಂಕಿಗೆ ನೀರು ಹತ್ತಿದ್ದು ಹೇಗೆ?

ಊರಿಗೆ ಕರೆಂಟೇ ಬಂದಿಲ್ಲ, ಅಷ್ಟೆತ್ತರದ ಟ್ಯಾಂಕಿಗೆ ನೀರು ಹತ್ತಿದ್ದು ಹೇಗೆ? ‘ಶೋಲೆ’ ಚಿತ್ರದ ಮಾತು ಬಂದ ಕಡೆಯಲ್ಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ. ಠಾಕೂರರ ಹವೇಲಿಯಲ್ಲಿ ಕತ್ತಲು ಕವಿಯುವ ಹೊತ್ತಿಗೆ ರಾಧಾ ದೀಪಗಳ ಬಳಿ ಒಬ್ಬಳೇ ಓಡಾಡುತ್ತಾಳೆ, ಕೆಳಗೆ ಜೈ ಮೌತ್ ಆರ್ಗನ್ ನುಡಿಸುತ್ತಾ ಕೂತಿರುತ್ತಾನೆ. ಬಲ್ಬು ಉರಿಯುವುದು ಕಾಣುವುದಿಲ್ಲ. ಅದೇ ರಾಮಗಢದಲ್ಲಿ ವೀರು ಕುಡಿದು ನೀರಿನ ಟ್ಯಾಂಕ್ ಏರಿ, ಬಸಂತಿಯನ್ನು ಕೊಡದಿದ್ದರೆ ಹಾರಿಬಿಡುತ್ತೇನೆ ಎಂದು ಅವಳ ಮೌಸಿಯನ್ನು ಹೆದರಿಸುತ್ತಾನೆ. ನೋಡುಗ ಇವೆರಡನ್ನೂ ಜೋಡಿಸಿ ‘ಲಾಜಿಕ್ಕೇ ಇಲ್ಲ’ ಅನ್ನುತ್ತಾನೆ.

ಇದನ್ನು ತಪ್ಪು ಎನ್ನಲು ನಾನು ಒಪ್ಪುವುದಿಲ್ಲ. ಈ ಚಿತ್ರದ ಶೂಟಿಂಗ್ ಶುರುವಾದದ್ದು 1973ರ ಅಕ್ಟೋಬರ್‌ನಲ್ಲಿ, ನಮ್ಮ ರಾಮನಗರದ ಬಂಡೆಬೆಟ್ಟಗಳ ನಡುವೆ. ಕಲಾ ನಿರ್ದೇಶಕ ರಾಮ್ ಯೇಡೇಕರ್ ಅಲ್ಲಿ ಒಂದು ಊರನ್ನೇ ಎಬ್ಬಿಸಿದ್ದರು. ಆ ಕಾಲಕ್ಕೆ ಕರೆಂಟ್ ಕಾಣದ ಹಳ್ಳಿಗಳು ದೇಶದ ತುಂಬ ಇದ್ದವು, ಅಂಥ ಕಡೆ ಬಾವಿಯ ನೀರೆತ್ತಲು ಡೀಸೆಲ್ ಇಂಜಿನ್ ಪಂಪ್‌ಸೆಟ್ಟುಗಳೂ ಇದ್ದವು. ಹೊಲಕ್ಕೆ ನೀರು ಹಾಯಿಸುವ ಇಂಜಿನ್ನು ಟ್ಯಾಂಕಿಗೂ ಹಾಯಿಸಬಲ್ಲದು. ಚಿತ್ರ ಅದನ್ನು ತೋರಿಸಿಲ್ಲ, ನಿಜ. ಆದರೆ ಈ ಊರಿನಲ್ಲಿ ಯಂತ್ರವೇ ಇಲ್ಲ ಎಂದು ಎಲ್ಲೂ ಹೇಳಿಯೂ ಇಲ್ಲ. ಚಿತ್ರ ಹೇಳದೆ ಬಿಟ್ಟದ್ದು ಬೇರೆ, ತಾನೇ ಹೇಳಿದ್ದನ್ನು ತಾನೇ ಮುರಿದದ್ದು ಬೇರೆ. ತಪ್ಪು ಅನ್ನಿಸಿಕೊಳ್ಳುವುದು ಎರಡನೆಯದು ಮಾತ್ರ. ಸಿನಿಮಾದ ತಪ್ಪುಗಳ ಬಗ್ಗೆ ನಡೆಯುವ ವಾದಗಳಲ್ಲಿ ಬಹುಪಾಲು ಈ ವ್ಯತ್ಯಾಸ ನೋಡದೆ ದಾರಿ ತಪ್ಪುತ್ತವೆ.

ಅದೇ ಚಿತ್ರದ ಇನ್ನೊಂದು ದೃಶ್ಯವನ್ನು ಲೆಕ್ಕ ಹಾಕಿಯೇ ನೋಡಬಹುದು. ರಾಮಗಢದಿಂದ ಸೋತು ಬಂದ ತನ್ನ ಮೂವರನ್ನು ಡಕಾಯಿತ ಗಬ್ಬರ್ ಸಿಂಗ್ ಬಂಡೆಗಳ ಮಧ್ಯೆ ನಿಲ್ಲಿಸಿಕೊಂಡಿದ್ದಾನೆ. ರಿವಾಲ್ವರಿನಲ್ಲಿ ಆರು ಗುಂಡು, ಎದುರಿಗೆ ಮೂರು ಜನ. ಮೂರು ಗುಂಡುಗಳನ್ನು ಗಾಳಿಗೆ ಹಾರಿಸಿ, ಗುಂಡಿನ ಚಕ್ರವನ್ನು ಗರ್ರನೆ ತಿರುಗಿಸುತ್ತಾನೆ. ಆಮೇಲೆ ಒಬ್ಬೊಬ್ಬರ ತಲೆಗೆ ಹಿಡಿದು ಕುದುರೆ ಎಳೆದರೆ ಮೂರು ಸಲವೂ ಬರೀ ಕ್ಲಿಕ್. ಮೂವರೂ ಬಚಾವಾದರೆಂದು ಗಬ್ಬರ್ ನಗುತ್ತಾನೆ, ಸುತ್ತಲಿದ್ದ ಡಕಾಯಿತರು ನಗುತ್ತಾರೆ, ಸಾಯಬೇಕಿದ್ದ ಮೂವರೂ ನಗುತ್ತಾರೆ. ಆ ನಗುವಿನ ನಡುವೆಯೇ ಮೂವರನ್ನೂ ಹೊಡೆದು ಉರುಳಿಸುತ್ತಾನೆ. ಮೂರೂ ಕ್ಲಿಕ್ ಆಗುವುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಆರು ಕುಳಿಗಳಲ್ಲಿ ಖಾಲಿಯಾದ ಮೂರು ಅಕ್ಕಪಕ್ಕದವು, ತುಂಬಿದ ಮೂರೂ ಅಕ್ಕಪಕ್ಕದವು. ತಿರುಗಿಸಿದ ಚಕ್ರ ಆರು ಜಾಗಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ಮೊದಲ ಖಾಲಿ ಕುಳಿಯ ಮೇಲೆ ನಿಂತರೆ ಮೂರು ಕ್ಲಿಕ್, ನಂತರ ಮೂರು ಗುಂಡು. ಅಂದರೆ ಆರರಲ್ಲಿ ಒಂದು ಸಾಧ್ಯತೆ. ಹಾರಿದ ಗುಂಡುಗಳನ್ನು ಎಣಿಸಿ, ಆರಕ್ಕೆ ಆರು ಸರಿಹೋಗುತ್ತವೆ. ಸಲೀಂ–ಜಾವೇದ್ ಬರೆದ ಈ ದೃಶ್ಯದಲ್ಲಿ ಕಾಕತಾಳೀಯ ಇದೆ, ತಪ್ಪಿಲ್ಲ. ಅದೂ ಯಾರನ್ನೂ ಪಾರುಮಾಡುವ ಕಾಕತಾಳೀಯವಲ್ಲ. ಬದುಕಿದೆವು ಎಂಬ ಭರವಸೆ ಕೊಟ್ಟು ಕಿತ್ತುಕೊಳ್ಳುವಂಥದ್ದು, ಗಬ್ಬರ್ ಎಂಥವನೆಂದು ಆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತದೆ. ನಾಯಕನನ್ನು ಕಷ್ಟದಿಂದ ಪಾರುಮಾಡಲು ಬರುವ ಕಾಕತಾಳೀಯವನ್ನು ಮಾತ್ರ ನಾನು ಅನುಮಾನದಿಂದ ನೋಡುತ್ತೇನೆ.

ಇದು ಲಾಜಿಕ್ಕಿನ ಮಾತಾಯಿತು. ಕಂಟಿನ್ಯುಟಿಯ, ಅಂದರೆ ಶಾಟಿನಿಂದ ಶಾಟಿಗೆ ವಿವರಗಳ ಹೊಂದಾಣಿಕೆಯ ಕಥೆ ಬೇರೆ, ಅದು ಹುಟ್ಟುವುದು ಸೆಟ್ಟಿನಲ್ಲಿ.

ಸಿನಿಮಾವನ್ನು ನಾವು ನೋಡುವ ಕ್ರಮದಲ್ಲಿ ಚಿತ್ರಿಸುವುದು ಅಪರೂಪ. ಒಂದು ಮನೆ ಬಾಡಿಗೆಗೆ ಸಿಕ್ಕಿತೆಂದರೆ ಆ ಮನೆಯ ದೃಶ್ಯಗಳನ್ನೆಲ್ಲ, ಕಥೆಯ ಮೊದಲಿನದಿರಲಿ ಕೊನೆಯದಿರಲಿ, ಒಟ್ಟಿಗೆ ಮುಗಿಸುತ್ತಾರೆ. ಬಾಗಿಲ ಹೊರಗಿನ ಶಾಟ್ ಇವತ್ತು ತೆಗೆದು, ಅದೇ ಬಾಗಿಲಿನಿಂದ ಒಳಗೆ ಬರುವ ಶಾಟನ್ನು ಎರಡು ತಿಂಗಳ ನಂತರ ಬೇರೆ ಊರಿನ ಸೆಟ್ಟಿನಲ್ಲಿ ತೆಗೆಯುವುದೂ ಉಂಟು. ಅಷ್ಟರಲ್ಲಿ ನಟನ ಕೂದಲು ಬೆಳೆದಿರುತ್ತದೆ, ಮುಖದ ಬಣ್ಣ ಬಿಸಿಲಿಗೆ ತಿರುಗಿರುತ್ತದೆ. ಇದನ್ನೆಲ್ಲ ಹೊಂದಿಸಿಕೊಂಡು ಹೋಗುವ ಹೊಣೆ ನಮ್ಮಲ್ಲಿ ಹೆಚ್ಚಾಗಿ ಒಬ್ಬ ಸಹಾಯಕ ನಿರ್ದೇಶಕನ ಮೇಲೆ ಬೀಳುತ್ತದೆ. ಹಾಲಿವುಡ್‌ನಲ್ಲಿ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂಬ ಪ್ರತ್ಯೇಕ ಹುದ್ದೆಯೇ ಇದೆ. ಯಾವ ದೃಶ್ಯಕ್ಕೆ ಯಾವ ಅಂಗಿ, ಎಷ್ಟು ಗುಂಡಿ ಹಾಕಿತ್ತು, ವಾಚು ಯಾವ ಕೈಯಲ್ಲಿತ್ತು, ಗಾಯ ಎಡ ಹುಬ್ಬಿನ ಮೇಲೋ ಬಲದ ಮೇಲೋ, ಯಾವ ಮಾತಿಗೆ ಲೋಟ ಎತ್ತಿದ, ಎಲ್ಲವನ್ನೂ ಬರೆದಿಡಬೇಕು. ಹಿಂದೆ ಇದಕ್ಕೆ ಸ್ಟಿಲ್ ಫೋಟೋಗಳಿದ್ದವು, ಈಗ ಮೊಬೈಲೇ ಸಾಕು.

ಊಟದ ದೃಶ್ಯ ಇವರಿಗೆ ದೊಡ್ಡ ತಲೆನೋವು. ಎದುರುಬದುರು ಕೂತ ಇಬ್ಬರ ಮಾತುಕತೆ ಎಂದುಕೊಳ್ಳಿ. ಮೊದಲು ಇಬ್ಬರೂ ಕಾಣುವ ಮಾಸ್ಟರ್ ಶಾಟ್, ಆಮೇಲೆ ಒಬ್ಬನ ಕ್ಲೋಸಪ್, ಆಮೇಲೆ ಇನ್ನೊಬ್ಬಳದು, ಪ್ರತಿಯೊಂದಕ್ಕೂ ನಾಲ್ಕೈದು ಟೇಕ್. ಪ್ರತಿ ಟೇಕಿಗೂ ತಟ್ಟೆ ಮತ್ತೆ ತುಂಬಬೇಕು, ಲೋಟದ ಮಟ್ಟ ಸರಿಮಾಡಬೇಕು, ತುತ್ತು ಅದೇ ಮಾತಿನ ಮೇಲೆ ಬಾಯಿಗೆ ಹೋಗಬೇಕು. ‘ಪ್ರೆಟಿ ವುಮನ್’ (1990) ಚಿತ್ರದಲ್ಲಿ ಬೆಳಗಿನ ತಿಂಡಿ ಹೊತ್ತಿಗೆ ಜೂಲಿಯಾ ರಾಬರ್ಟ್ಸ್ ಕೈಯಲ್ಲಿದ್ದ ಕ್ರೊಸಾಂಟ್ ಮುಂದಿನ ಶಾಟಿನಲ್ಲಿ ಪ್ಯಾನ್‌ಕೇಕ್ ಆಗಿಬಿಡುವುದು ಇಂಥ ಜಾಗದಲ್ಲೇ.

ಬಿಸಿಲೂ ಇದೇ ಕಾಟ ಕೊಡುತ್ತದೆ. ‘ಶೋಲೆ’ಯಲ್ಲಿ ಠಾಕೂರರ ಕುಟುಂಬವನ್ನು ಗಬ್ಬರ್ ಕೊಲ್ಲುವ ದೃಶ್ಯವನ್ನು ಬಿಸಿಲಿನಲ್ಲಿ ತೆಗೆಯಲು ಶುರುಮಾಡಿದ್ದರು. ನಡುವೆ ಮೋಡ ಕವಿಯಿತು. ಆ ಮಂಕು ಬೆಳಕೇ ಸಾವಿನ ದೃಶ್ಯಕ್ಕೆ ಒಪ್ಪುತ್ತದೆ ಎಂದು ನಿರ್ದೇಶಕ ರಮೇಶ್ ಸಿಪ್ಪಿ ನಿರ್ಧರಿಸಿದರು, ಛಾಯಾಗ್ರಾಹಕ ದ್ವಾರಕಾ ದಿವೇಚಾ ಕೈಜೋಡಿಸಿದರು. ಅಲ್ಲಿಂದ ಮುಂದೆ ಮೋಡಕ್ಕಾಗಿ ಕಾಯುವ ಕೆಲಸ. ಹವೇಲಿಯ ದೀಪದ ದೃಶ್ಯಗಳಿಗೂ ಸೂರ್ಯ ಮುಳುಗಿದ ಮೇಲಿನ ಆ ಕೆಲವೇ ನಿಮಿಷದ ಬೆಳಕು ಬೇಕಿತ್ತು, ಅದಕ್ಕೂ ದಿನಗಟ್ಟಲೆ ಹಿಡಿಯಿತು. ಹೀಗೆ ಸರಿಹೊಂದಿದ ಕಂಟಿನ್ಯುಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪು ಹುಡುಕುವವರು ಇದನ್ನು ತಿಳಿದಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಲೋಟ ಎಡದಿಂದ ಬಲಕ್ಕೆ ಜಿಗಿಯುವುದು ಏಕೆ? ಅನೇಕ ಸಲ ಸಂಕಲನಕಾರ ಗೊತ್ತಿದ್ದೇ ಬಿಟ್ಟಿರುತ್ತಾನೆ. ‘ದಿ ಗಾಡ್‌ಫಾದರ್’, ‘ಅಪೊಕ್ಯಾಲಿಪ್ಸ್ ನೌ’ ಚಿತ್ರಗಳಲ್ಲಿ ದುಡಿದ ವಾಲ್ಟರ್ ಮರ್ಚ್ ಒಂದು ಕಟ್ ಹೇಗಿರಬೇಕೆಂಬುದಕ್ಕೆ ತೂಕ ಹಾಕಿ ಕೊಟ್ಟಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕಥೆಗೆ 23, ಲಯಕ್ಕೆ 10, ನೋಡುಗನ ಕಣ್ಣು ಎಲ್ಲಿದೆ ಎಂಬುದಕ್ಕೆ 7, ಪರದೆಯ ಮೇಲಿನ ಎಡ-ಬಲದ ಹೊಂದಾಣಿಕೆಗೆ 5. ಆ ಕೋಣೆಯಲ್ಲಿ ಯಾರು ಎಲ್ಲಿದ್ದಾರೆ, ಯಾವುದು ಎಲ್ಲಿದೆ ಎಂಬ ನಿಜವಾದ ಹೊಂದಾಣಿಕೆಗೆ ಉಳಿದ 4 ಮಾತ್ರ. ನಾಲ್ಕನೇ ಟೇಕಿನಲ್ಲಿ ನಟಿಯ ಕಣ್ಣು ತುಂಬಿ ಬಂದಿದ್ದರೆ, ಲೋಟ ಎಲ್ಲೇ ಇರಲಿ, ಆ ಟೇಕೇ ಚಿತ್ರಕ್ಕೆ ಹೋಗುತ್ತದೆ. ಹೋಗಬೇಕು ಕೂಡ.

ಹಾಗೆ ಬಿಟ್ಟದ್ದು ನಮಗೆ ಗೊತ್ತಾಗುವುದೂ ಇಲ್ಲ. 1997ರಲ್ಲಿ ಡೇನಿಯಲ್ ಲೆವಿನ್, ಡೇನಿಯಲ್ ಸೈಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಪುಟ್ಟ ಚಿತ್ರ, ಅದರಲ್ಲಿ ಒಂದು ಕಟ್ ಆದ ಮೇಲೆ ನಟನೇ ಬದಲಾಗುತ್ತಾನೆ, ಬಟ್ಟೆಯೂ ಬೇರೆ. ನೋಡಿದವರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಇದನ್ನು ಗಮನಿಸಲೇ ಇಲ್ಲ. ಒಬ್ಬ ಎದ್ದು ನಡೆದ ಎಂಬ ಕ್ರಿಯೆ ಮುಂದುವರಿದರೆ ಸಾಕು, ಅವನು ಅವನೇ ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಮನೆಯಲ್ಲಿ ಕೂತು ನಿಲ್ಲಿಸಿ, ಹಿಂದೆ ಓಡಿಸಿ, ಫ್ರೇಮ್ ಫ್ರೇಮ್ ನೋಡಿ ಸಿಕ್ಕುವ ತಪ್ಪು ಥಿಯೇಟರಿನ ಕತ್ತಲಲ್ಲಿ ಇದ್ದೇ ಇರಲಿಲ್ಲ ಎಂದರೂ ಸಲ್ಲುತ್ತದೆ.

ಹಾಗೆಂದು ಎಲ್ಲವನ್ನೂ ಸಮರ್ಥಿಸಬೇಕಿಲ್ಲ. ಹಿಚ್‌ಕಾಕ್‌ನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದ ಕೆಫೆಟೇರಿಯಾ ದೃಶ್ಯದಲ್ಲಿ ಗುಂಡು ಹಾರುವ ಮುಂಚೆಯೇ ಹಿಂದೆ ಕೂತ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ. ‘ಪಲ್ಪ್ ಫಿಕ್ಷನ್’ನಲ್ಲಿ (1994) ಗುಂಡು ಹಾರುವ ಮುನ್ನವೇ ಗೋಡೆಯಲ್ಲಿ ತೂತುಗಳಿವೆ. ‘ಗ್ಲಾಡಿಯೇಟರ್’ನಲ್ಲಿ (2000) ರೋಮನ್ ರಥ ಮಗುಚಿದಾಗ ಒಳಗಿನ ಗ್ಯಾಸ್ ಸಿಲಿಂಡರ್ ಕಾಣುತ್ತದೆ. ಇವು ತಪ್ಪುಗಳೇ, ಇಲ್ಲಿ ವಾದಕ್ಕೆ ಜಾಗವಿಲ್ಲ. ಆದರೂ ಇವುಗಳಿಂದ ಕಥೆಯ ಒಂದು ಎಳೆಯೂ ಕಡಿಯುವುದಿಲ್ಲ.

ಇತಿಹಾಸ, ಭೂಗೋಳದ ತಪ್ಪುಗಳನ್ನು ಇನ್ನೊಂದು ಕಡೆ ಇಡಬೇಕು. ‘ಬ್ಯಾಕ್ ಟು ದಿ ಫ್ಯೂಚರ್’ನಲ್ಲಿ ಮಾರ್ಟಿ 1955ರ ಹೈಸ್ಕೂಲ್ ಡ್ಯಾನ್ಸಿನಲ್ಲಿ ನುಡಿಸುವ ಗಿಬ್ಸನ್ ಗಿಟಾರ್ ಮಾದರಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ‘ಟೈಟಾನಿಕ್’ನಲ್ಲಿ ಜ್ಯಾಕ್ ತಾನು ವಿಸ್ಕಾನ್ಸಿನ್‌ನ ವಿಸೋಟಾ ಕೆರೆಯಲ್ಲಿ ಮೀನು ಹಿಡಿದ ಕಥೆ ಹೇಳುತ್ತಾನೆ, ಅದು ಅಣೆಕಟ್ಟಿನಿಂದಾದ ಕೆರೆ, ತುಂಬಿದ್ದು ಹಡಗು ಮುಳುಗಿ ವರ್ಷಗಳು ಕಳೆದ ಮೇಲೆ. ಅದೇ ಚಿತ್ರದ ಕೊನೆಯಲ್ಲಿ ರೋಸ್ ಮಲಗಿ ನೋಡುವ ನಕ್ಷತ್ರಗಳು ಆ ರಾತ್ರಿಯ ಆಕಾಶದವಲ್ಲ ಎಂದು ಖಭೌತವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಪಟ್ಟು ಹಿಡಿದರು. ಜೇಮ್ಸ್ ಕ್ಯಾಮರೂನ್ 2012ರ ತ್ರೀಡಿ ಮರುಬಿಡುಗಡೆಯಲ್ಲಿ ಅದನ್ನು ತಿದ್ದಿದರು. ಒಬ್ಬ ನೋಡುಗನ ಆಕ್ಷೇಪಕ್ಕೆ ನಿರ್ದೇಶಕ ಆಕಾಶವನ್ನೇ ಬದಲಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಅದೇ ಚಿತ್ರದ ಬಾಗಿಲಿನ ಜಗಳದಲ್ಲಿ ನಾನು ಕ್ಯಾಮರೂನ್ ಪರ. ತೇಲುವ ಬಾಗಿಲ ಹಲಗೆಯ ಮೇಲೆ ಜ್ಯಾಕ್, ರೋಸ್ ಇಬ್ಬರಿಗೂ ಜಾಗವಿತ್ತು, ಜ್ಯಾಕ್ ಸುಮ್ಮನೆ ಸತ್ತ ಎಂಬುದು ಜಗತ್ತಿನಾದ್ಯಂತ ಕೇಳಿಬರುವ ಆಕ್ಷೇಪ. ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಜ್ಯಾಕ್ ಹತ್ತಲು ಹೋಗುತ್ತಾನೆ, ಹಲಗೆ ವಾಲಿ ಇಬ್ಬರೂ ನೀರಿಗೆ ಬೀಳುತ್ತಾರೆ, ಅವನು ಅವಳನ್ನು ಹತ್ತಿಸಿ ತಾನು ಹೊರಗೆ ಉಳಿಯುತ್ತಾನೆ. ಪ್ರಶ್ನೆ ಇರುವುದು ಜಾಗದ್ದಲ್ಲ, ತೇಲುವ ಶಕ್ತಿಯದ್ದು. ಇಬ್ಬರ ಭಾರಕ್ಕೆ ಹಲಗೆ ನೀರೊಳಗೆ ಇಳಿದರೆ ಇಬ್ಬರೂ ಹೆಪ್ಪುಗಟ್ಟುತ್ತಾರೆ. 2012ರಲ್ಲಿ ‘ಮಿಥ್‌ಬಸ್ಟರ್ಸ್’ ಕಾರ್ಯಕ್ರಮದವರು ಲೈಫ್ ಜಾಕೆಟ್ಟನ್ನು ಹಲಗೆಯ ಅಡಿಗೆ ಕಟ್ಟಿದರೆ ಇಬ್ಬರೂ ಉಳಿಯಬಹುದಿತ್ತು ಎಂದು ತೋರಿಸಿದರು. 2023ರಲ್ಲಿ ಕ್ಯಾಮರೂನರೇ ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ತಣ್ಣೀರಿನಲ್ಲಿ ಪರೀಕ್ಷೆ ಮಾಡಿಸಿದಾಗ, ಹಲವು ಸನ್ನಿವೇಶಗಳ ಪೈಕಿ ಒಂದರಲ್ಲಿ ಜ್ಯಾಕ್ ದೋಣಿ ಬರುವವರೆಗೆ ಬದುಕಿರಬಹುದಿತ್ತು ಎಂದು ಕಂಡಿತು. ಪ್ರಯೋಗ ಸರಿ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಉಪ್ಪುನೀರಿನಲ್ಲಿ, ಕತ್ತಲಲ್ಲಿ, ಕೈ ಮರಗಟ್ಟುತ್ತಿರುವ ಹುಡುಗನಿಗೆ ಲೈಫ್ ಜಾಕೆಟ್ ಕಟ್ಟುವ ಉಪಾಯ ಹೊಳೆಯಬೇಕು, ಮುಳುಗಿ ಗಂಟು ಹಾಕಲೂ ಬರಬೇಕು. ಪಾತ್ರಕ್ಕೆ ಆ ಕ್ಷಣದಲ್ಲಿ ಗೊತ್ತಿರುವುದು ಎಷ್ಟು, ಅವನ ಸ್ವಭಾವ ಎಂಥದು ಎಂದು ಕೇಳಬೇಕೇ ಹೊರತು ಸೋಫಾದಲ್ಲಿ ಕೂತ ನಮಗೆ ಏನು ಹೊಳೆಯಿತು ಎಂದಲ್ಲ. ಪಾತ್ರ ಎಡವಿದರೆ ಚಿತ್ರ ಎಡವಿದಂತಾಗುವುದಿಲ್ಲ.

ಬೇಕೆಂದೇ ಇಟ್ಟ ವೈರುಧ್ಯಗಳೂ ಉಂಟು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ನಡೆದದ್ದನ್ನು ಬೇರೆಬೇರೆಯವರ ಕಣ್ಣಿನಲ್ಲಿ ಹೇಳುತ್ತದೆ. ಅಲ್ಲಿ ವಿವರ ಹೊಂದದಿರುವುದೇ ಕಥೆ. ಪವನ್ ಕುಮಾರ್ ಅವರ ‘ಲೂಸಿಯಾ’ದಲ್ಲಿ (2013) ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾವುದು ಎಚ್ಚರ, ಯಾವುದು ಕನಸು ಎಂಬ ಉತ್ತರ ಕೊನೆಯವರೆಗೆ ಸಿಗುವುದಿಲ್ಲ, ಹಾಗಾಗಿ ನಡುವೆ ತಪ್ಪೆಂದು ಕಂಡದ್ದು ಕೊನೆಗೆ ಸುಳಿವಾಗಿ ತಿರುಗಬಹುದು.

ಇನ್ನು ನಾವು ನೋಡುತ್ತಿರುವುದು ಯಾವ ಪ್ರತಿ ಎಂಬ ವಿಷಯ. ಪರದೆಯ ಮೇಲ್ತುದಿಯಲ್ಲಿ ಮೈಕ್ ನೇತಾಡುವುದು ಕಂಡರೆ ಶೂಟಿಂಗಿನವರನ್ನು ಬೈಯುತ್ತೇವೆ. ಥಿಯೇಟರಿನಲ್ಲಿ ಮುಚ್ಚಿಹೋಗಲೆಂದು ಬಿಟ್ಟ ಫ್ರೇಮಿನ ಮೇಲುಭಾಗವನ್ನು ಟಿವಿ ಪ್ರತಿಗೆಂದು ತೆರೆದಾಗ ಅದು ಕಾಣಿಸಿಕೊಂಡಿರಬಹುದು. ಹಾವು ಮತ್ತು ಇಂಡಿಯಾನಾ ಜೋನ್ಸ್ ನಡುವೆ ಇದ್ದ ಗಾಜಿನಲ್ಲಿ ಕಾಣುತ್ತಿದ್ದ ಪ್ರತಿಬಿಂಬವನ್ನು ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ನ (1981) ಮುಂದಿನ ಆವೃತ್ತಿಗಳಲ್ಲಿ ಅಳಿಸಲಾಗಿದೆ. ಅಂದರೆ ಒಬ್ಬರು ಇದೆ ಎಂದು, ಇನ್ನೊಬ್ಬರು ಇಲ್ಲ ಎಂದು ವಾದಿಸಿದರೂ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು.

‘ಶೋಲೆ’ಯಲ್ಲಂತೂ ಇದು ಅಂತ್ಯಕ್ಕೇ ತಟ್ಟಿತು. ಕೈ ಕಳೆದುಕೊಂಡ ಠಾಕೂರ್ ಚಿತ್ರದುದ್ದಕ್ಕೂ ಕಾಯ್ದ ಸೇಡಿನ ಕ್ಷಣದಲ್ಲಿ ಪೊಲೀಸರು ಎಲ್ಲಿಂದಲೋ ಬಂದು ಕಾನೂನಿನ ಮಾತಾಡುತ್ತಾರೆ, ಅವನು ಗಬ್ಬರನನ್ನು ಒಪ್ಪಿಸಿಬಿಡುತ್ತಾನೆ. ಇಷ್ಟು ಸುಲಭವಾಗಿ ಏಕೆ ಎಂದು ಕೇಳಿದವರು ಸರಿಯಾಗಿಯೇ ಕೇಳಿದ್ದರು. ಉತ್ತರ ಕಥೆಯೊಳಗೆ ಇರಲಿಲ್ಲ. ಬರೆದು ಚಿತ್ರಿಸಿದ ಅಂತ್ಯದಲ್ಲಿ ಠಾಕೂರ್ ಗಬ್ಬರನನ್ನು ಕೊಲ್ಲುತ್ತಾನೆ. 1975, ತುರ್ತು ಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದಕ್ಕೆ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಸಿಪ್ಪಿ ಹೊಸ ಅಂತ್ಯ ಚಿತ್ರಿಸಿ ಆ ವರ್ಷದ ಆಗಸ್ಟ್ 15ಕ್ಕೆ ಚಿತ್ರ ಬಿಡುಗಡೆ ಮಾಡಿದರು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶನ ಕಂಡಿತು. ಅದರಲ್ಲಿ ಮೊದಲಿನ ಅಂತ್ಯವೂ ಇದೆ, ಕತ್ತರಿಸಿದ್ದ ಎರಡು ದೃಶ್ಯಗಳೂ ಇವೆ. ಹಾಗಾಗಿ ಇನ್ನು ಮುಂದೆ ಠಾಕೂರನ ನಡತೆಯ ಬಗ್ಗೆ ವಾದಕ್ಕೆ ಇಳಿಯುವವರು, ತಾವು ನೋಡಿದ್ದು ಯಾವ ‘ಶೋಲೆ’ ಎಂದು ಮೊದಲು ಹೇಳಿಬಿಡಬೇಕು.