ಕತ್ತಿನ ಶಸ್ತ್ರಚಿಕಿತ್ಸೆಯ ನಂತರ ತೋಳು ಮೇಲೇಳದಿದ್ದರೆ?

ಉದ್ದ ಕತ್ತಿನ ಜಿರಾಫೆಗೂ ಗಿಡ್ಡ ಕತ್ತಿನ ಮನುಷ್ಯನಿಗೂ ಕತ್ತಿನ ಕಶೇರುಮಣಿಗಳು ಏಳೇ. ಈ ಮಣಿಗಳ ನಡುವಿನ ಕೊಳವೆಯಲ್ಲಿ ಮಿದುಳುಬಳ್ಳಿ ಇಳಿದುಬರುತ್ತದೆ. ಕತ್ತಿನ ಭಾಗದಲ್ಲಿ ಅದರಿಂದ 8 ಜೊತೆ ನರಗಳು ಕವಲೊಡೆಯುತ್ತವೆ.

ಮರದಿಂದ ಬಿದ್ದಾಗ, ವಾಹನ ಅಪಘಾತವಾದಾಗ ಅಥವಾ ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕಿದಾಗ ಈ ಮಣಿಗಳು ಮುರಿಯಬಹುದು, ಜಾರಬಹುದು. ಆಗ ವೈದ್ಯರು ಮಿದುಳುಬಳ್ಳಿಯ ಮೇಲಿನ ಒತ್ತಡ ತೆಗೆದು, ಲೋಹದ ಪ್ಲೇಟು, ಸ್ಕ್ರೂಗಳಿಂದ ಮಣಿಗಳನ್ನು ಭದ್ರಪಡಿಸುತ್ತಾರೆ. ಶಸ್ತ್ರಚಿಕಿತ್ಸೆ ಸರಿಯಾಗಿ ನಡೆದರೂ ಕೆಲವರಲ್ಲಿ ಹೊಸ ತೊಂದರೆಯೊಂದು ತಲೆದೋರುವುದುಂಟು.

ತೋಳನ್ನು ಪಕ್ಕಕ್ಕೆ ಎತ್ತುವ ಡೆಲ್ಟಾಯ್ಡ್, ಮೊಣಕೈ ಮಡಿಸುವ ಬೈಸೆಪ್ಸ್ ಸ್ನಾಯುಗಳಿಗೆ ಕತ್ತಿನ ಐದನೆಯ ನರವೇ ಮುಖ್ಯ ಆಸರೆ. ಒತ್ತಡ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ 100 ಮಂದಿಯಲ್ಲಿ ಸರಾಸರಿ ಸುಮಾರು 5 ಮಂದಿಗೆ ಈ ನರ ಸೋಲುತ್ತದೆ. ವಿಚಿತ್ರವೆಂದರೆ, ಎಚ್ಚರವಾದಾಗ ಚೆನ್ನಾಗಿದ್ದ ತೋಳು ಕೆಲವು ದಿನಗಳ ನಂತರ ಮೇಲೇಳದೆ ಹೋಗಬಹುದು! ಕಾರಣವೇನು? ಒತ್ತಡ ಕಳೆದ ಮಿದುಳುಬಳ್ಳಿ ಹಿಂದಕ್ಕೆ ಸರಿದಾಗ ಗಿಡ್ಡನೆಯ ಈ ನರದ ಬೇರು ಎಳೆದಂತಾಗುತ್ತದೆ ಎಂಬುದು ಒಂದು ವಿವರಣೆ. ಆದ್ದರಿಂದ ತೋಳು ಸೋತೊಡನೆ 'ಕತ್ತಿ ತಗುಲಿತು' ಎಂದು ತೀರ್ಮಾನಿಸಬೇಕಿಲ್ಲ.

ಕತ್ತಿನ ಮುಂಭಾಗದಿಂದ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯ ನರ ಎಳೆತಕ್ಕೆ ಸಿಕ್ಕಿದರೆ ದನಿ ಗೊಗ್ಗರಾಗುತ್ತದೆ. ಎಡಬದಿಯ ಈ ನರ ಎದೆಯವರೆಗೆ ಇಳಿದು, ಮಹಾಪಧಮನಿಯನ್ನು ಬಳಸಿ ಮತ್ತೆ ಗಂಟಲಿಗೆ ಏರುತ್ತದೆ.

ಇಂಥ ತೊಂದರೆಗಳು ಬಹುಪಾಲು ಮಂದಿಯಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತವೆ. ಆದರೆ ನರ ಅವಸರಕ್ಕೆ ಬಗ್ಗುವುದಿಲ್ಲ. ತುಂಡಾದ ನರತಂತು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಅಂದರೆ 20 ಸೆಂಟಿಮೀಟರ್ ದಾಟಲು 200 ದಿನ ಬೇಕು! ಅಲ್ಲಿಯವರೆಗೆ ಭುಜದ ಕೀಲು ಬಿಗಿಯದಂತೆ ಫಿಸಿಯೋಥೆರಪಿ ತಪ್ಪದೆ ನಡೆಯಬೇಕು.

ತಾಳ್ಮೆ ಬೇಕು, ನಿಜ; ಉದಾಸೀನ ಸಲ್ಲದು. ಹೊಸದಾಗಿ ತೋಳು ಸೋತರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ, ಕತ್ತು ಊದಿದರೆ, ಕೈಕಾಲುಗಳ ಬಲ ಕುಗ್ಗುತ್ತ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ನಿಮಿಷವೂ ಕಾಯುವಂತಿಲ್ಲ. ಒಳಗೆ ರಕ್ತ ಶೇಖರವಾಗಿ ಶ್ವಾಸನಾಳವನ್ನೋ ಮಿದುಳುಬಳ್ಳಿಯನ್ನೋ ಒತ್ತುತ್ತಿರಬಹುದು. ಹಾಸಿಗೆಯ ಪಕ್ಕದಲ್ಲಿ ಕುಳಿತ ಮನೆಯವರೇ ಇದನ್ನು ಮೊದಲು ಗಮನಿಸಬಲ್ಲವರು.