ಈ ಕೊಬ್ಬು ಎಲ್ಲಿ ತುಂಡಾಗಬೇಕು?

2025ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಆರು ತಿಂಗಳು ದಾಟಿದ ಒಂದು ಗಂಡುಮಗುವಿಗೆ, ಅದೊಂದು ಮಗುವಿಗೆಂದೇ ತಯಾರಿಸಿದ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರು. ಪ್ರೋಟೀನು ಕರಗಿದಾಗ ಹುಟ್ಟುವ ಅಮೋನಿಯಾವನ್ನು ಯೂರಿಯಾ ಮಾಡಿ ಹೊರಹಾಕುವುದು ಯಕೃತ್ತಿನ ಕೆಲಸ. ಅದಕ್ಕೆ ಬೇಕಾದ ಸಿಪಿಎಸ್1 ಎಂಬ ಕಿಣ್ವದ ಜೀನಿನಲ್ಲೇ ಮಗುವಿಗೆ ದೋಷವಿತ್ತು. ಅಮೋನಿಯಾ ಏರಿದರೆ ಮಿದುಳಿಗೇ ಕುತ್ತು. ರೆಬೆಕಾ ಅಹ್ರೆನ್ಸ್-ನಿಕ್ಲಸ್ ಮತ್ತು ಕಿರಣ್ ಮುಸುನೂರು ಅವರ ತಂಡ ಆ ಜೀನಿನ ತಪ್ಪನ್ನು ತಿದ್ದುವ ಔಷಧವನ್ನು ಸುಮಾರು ಆರು ತಿಂಗಳಲ್ಲಿ ಸಿದ್ಧಮಾಡಿತ್ತು. ಮೊದಲ ಸಲ ಸಣ್ಣ ಪ್ರಮಾಣ. ಆಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೆರಡು ಸಲ.

ಜೀನ್ ತಿದ್ದಿದ ಸಂಗತಿ ಸುದ್ದಿಯಾಯಿತು, ಆಗಬೇಕಾದದ್ದೇ. ನನ್ನ ಗಮನ ಹೋಗುವುದು ಆ ‘ಇನ್ನೆರಡು ಸಲ’ದ ಕಡೆಗೆ. ವೈರಸ್ಸಿನೊಳಗೆ ಜೀನನ್ನು ತುಂಬಿ ಕಳಿಸುವ ಪದ್ಧತಿಯಲ್ಲಿ ಎರಡನೆಯ ಸಲ ಕೊಡುವುದು ಬಹಳ ಕಷ್ಟ. ಮೊದಲ ಸಲಕ್ಕೇ ದೇಹ ಆ ವೈರಸ್ಸಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಟ್ಟಿರುತ್ತದೆ. ಈ ಮಗುವಿಗೆ ಔಷಧ ತಲುಪಿದ್ದು ಕೊಬ್ಬಿನ ಕಣಗಳಲ್ಲಿ. ಅಂಥ ಔಷಧವನ್ನು ಮತ್ತೆ ಮತ್ತೆ ಕೊಡಬೇಕಾದರೆ, ಹಿಂದೆ ಕೊಟ್ಟ ಕೊಬ್ಬು ದೇಹದಲ್ಲಿ ಗುಡ್ಡೆ ಬೀಳದೆ ಕರಗಿಹೋಗಬೇಕು.

ಇಷ್ಟಕ್ಕೂ ಕೊಬ್ಬು ಏಕೆ? ಕಣದೊಳಗೆ ಸಾಗಿಸಬೇಕಾದ ಆರ್‌ಎನ್‌ಎ ಎಂಬುದು ಮೈತುಂಬಾ ಋಣ ವಿದ್ಯುದಾವೇಶ ಹೊತ್ತ ಉದ್ದನೆಯ ಎಳೆ. ಬರಿದಾಗಿ ಬಿಟ್ಟರೆ ರಕ್ತದ ಕಿಣ್ವಗಳು ಅದನ್ನು ಕತ್ತರಿಸಿ ಹಾಕುತ್ತವೆ. ಉಳಿದರೂ ಜೀವಕೋಶದ ಪೊರೆ ಒಳಗೆ ಬಿಡುವುದಿಲ್ಲ. 1987ರಲ್ಲಿ ಫಿಲಿಪ್ ಫೆಲ್ಗ್ನರ್ ಮತ್ತು ಸಂಗಡಿಗರು ಸದಾ ಧನಾವೇಶವಿರುವ ಒಂದು ಲಿಪಿಡ್ (ಕೊಬ್ಬಿನ ಅಣು) ತಯಾರಿಸಿ, ಅದಕ್ಕೆ ಡಿಎನ್‌ಎ ಅಂಟಿಸಿ, ತಟ್ಟೆಯಲ್ಲಿ ಬೆಳೆಸಿದ ಕೋಶಗಳೊಳಗೆ ದಾಟಿಸಿದರು. ರಕ್ತದಲ್ಲಿ ಆ ಬಗೆಯ ಕಣಗಳು ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡವು, ಕೋಶಗಳಿಗೆ ವಿಷವೂ ಆದವು. ಕೆನಡಾದ ವ್ಯಾಂಕೂವರ್‌ನಲ್ಲಿ ಪೀಟರ್ ಕಲ್ಲಿಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಇದಕ್ಕೊಂದು ದಾರಿ ಕಂಡುಕೊಂಡರು: ಆಮ್ಲದಲ್ಲಿ ಮಾತ್ರ ಧನಾವೇಶ ಪಡೆಯುವ ಲಿಪಿಡ್.

ಅದರ ನಡೆ ಬಲು ಸೊಗಸಾಗಿದೆ. ಆಮ್ಲೀಯ ದ್ರವದಲ್ಲಿ ಬೆರೆಸಿದಾಗ ಲಿಪಿಡ್ ಆರ್‌ಎನ್‌ಎಯನ್ನು ಹಿಡಿದುಕೊಂಡು ಸುಮಾರು 100 ನ್ಯಾನೋಮೀಟರ್ ಅಳತೆಯ ಕಣವಾಗುತ್ತದೆ. ಪಿಎಚ್ 7.4ರ ರಕ್ತದಲ್ಲಿ ಆವೇಶ ಇಲ್ಲವಾಗಿ ಕಣ ಸದ್ದಿಲ್ಲದೆ ಓಡಾಡುತ್ತದೆ. ಅಪೊ-ಇ ಎಂಬ ಪ್ರೋಟೀನು ಮೇಲೆ ಕೂತೊಡನೆ ಯಕೃತ್ತಿನ ಕೋಶಗಳು ಇದನ್ನು ಕೊಲೆಸ್ಟರಾಲ್ ತರುವ ಕಣವೆಂದೇ ತಿಳಿದು ಒಂದು ಚೀಲದಲ್ಲಿ ಒಳಗೆಳೆದುಕೊಳ್ಳುತ್ತವೆ. ಎಂಡೋಸೋಮ್ ಎಂಬ ಆ ಚೀಲ ಕ್ರಮೇಣ ಆಮ್ಲೀಯವಾಗುತ್ತದೆ. ಲಿಪಿಡ್‌ಗೆ ಮತ್ತೆ ಆವೇಶ ಬರುತ್ತದೆ, ಚೀಲದ ಗೋಡೆ ಕೆಡುತ್ತದೆ, ಆರ್‌ಎನ್‌ಎ ಹೊರಗೆ ಜಾರುತ್ತದೆ.

ಜಾರುವುದು ಎಷ್ಟು? 2013ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ಒಳಹೊಕ್ಕ ಆರ್‌ಎನ್‌ಎಯಲ್ಲಿ ಶೇಕಡಾ 1ರಿಂದ 2 ಮಾತ್ರ. ಉಳಿದದ್ದು ಚೀಲದಲ್ಲೇ ನಾಶವಾಗುತ್ತದೆ, ಇಲ್ಲವೆ ಕೋಶದಿಂದ ಮತ್ತೆ ಹೊರಬೀಳುತ್ತದೆ. ಒಂದು ಪಾಲು ಕೆಲಸಕ್ಕೆ ಬರಲಿ ಎಂದು ಅದರ ಎಷ್ಟೋ ಪಟ್ಟು ಕೊಬ್ಬನ್ನು ದೇಹಕ್ಕೆ ಸುರಿಯಬೇಕಾಗುತ್ತದೆ. ಆ ಕೊಬ್ಬಿನ ಗತಿ ಏನೆಂದು ಕೇಳಲೇಬೇಕಾಗುವುದು ಇದಕ್ಕೇ.

2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್, ಇಂಥ ಕಣದಲ್ಲಿ ಬಂದ ಮೊದಲ ಆರ್‌ಎನ್‌ಎ ಔಷಧ. ನರಗಳನ್ನು ಕೆಡಿಸುವ ಒಂದು ಆನುವಂಶಿಕ ಕಾಯಿಲೆಗೆ ಅದನ್ನು ಮೂರು ವಾರಕ್ಕೊಮ್ಮೆ ಕೊಡಬೇಕು. ಅದರಲ್ಲಿರುವ ಎಂಸಿ3 ಎಂಬ ಲಿಪಿಡ್‌ಗೆ ಎರಡು ಉದ್ದನೆಯ ಬಾಲಗಳು. ಬಾಲ ಪೂರ್ತಿ ಇಂಗಾಲ, ಜಲಜನಕ. ಕಿಣ್ವಗಳಿಗೆ ಬಾಯಿ ಹಾಕಲು ಅಲ್ಲಿ ಜಾಗವಿಲ್ಲ. ಹಾಗಾಗಿ ಅದು ದೇಹದಲ್ಲಿ ಬಹುಕಾಲ ಉಳಿಯುತ್ತದೆ.

ಒಗ್ಗರಣೆಗೆ ಹಾಕುವ ಎಣ್ಣೆಯನ್ನು ನಮ್ಮ ದೇಹ ದಿನವೂ ಅರಗಿಸಿಕೊಳ್ಳುತ್ತದೆ. ಎಣ್ಣೆಯ ಅಣುವಿನಲ್ಲಿ ಎಸ್ಟರ್ ಎಂಬ ಬಂಧಗಳಿವೆ, ಅವನ್ನು ಕತ್ತರಿಸುವ ಕಿಣ್ವಗಳು ಮೈಯಲ್ಲಿ ಹೇರಳವಾಗಿವೆ. ಆಲ್ನೈಲಮ್ ಕಂಪನಿಯ ವಿಜ್ಞಾನಿಗಳು ಎಂಸಿ3ರ ಬಾಲದ ನಡುವಿನ ಒಂದು ಜೋಡಿಬಂಧವನ್ನು ತೆಗೆದು ಅಲ್ಲಿ ಎಸ್ಟರ್ ಕೂರಿಸಿದರು. 2013ರಲ್ಲಿ ಅವರು ವರದಿ ಮಾಡಿದ ಎಲ್319 ಎಂಬ ಲಿಪಿಡ್ ಪ್ರಯೋಗದ ಪ್ರಾಣಿಗಳ ಯಕೃತ್ತಿನಿಂದ ಬೇಗಬೇಗ ಖಾಲಿಯಾಯಿತು, ಔಷಧದ ಬಲ ಮಾತ್ರ ಕುಗ್ಗಲಿಲ್ಲ. ಬಾಲ ತುಂಡಾದರೆ ಸಿಗುವುದು ಚಿಕ್ಕ ಆಮ್ಲ ಮತ್ತು ಆಲ್ಕೊಹಾಲ್ ಚೂರುಗಳು. ಅವನ್ನು ಹೊರಹಾಕುವುದು ಇಡೀ ಲಿಪಿಡನ್ನು ಹೊರಹಾಕುವುದಕ್ಕಿಂತ ಸುಲಭ.

ಈ ವಿದ್ಯೆಯ ತಿರುಳು ಎಸ್ಟರ್ ಇಡುವುದರಲ್ಲಿಲ್ಲ, ಎಲ್ಲಿ ಇಡಬೇಕೆಂಬುದರಲ್ಲಿದೆ. ದರ್ಜಿಯವರು ಹಾಕುವ ಕಚ್ಚಾ ಹೊಲಿಗೆ ಅಳತೆ ನೋಡಿ ಮುಗಿಯುವವರೆಗೆ ನಿಲ್ಲಬೇಕು, ಆಮೇಲೆ ಎಳೆದೊಡನೆ ಬಿಚ್ಚಿಕೊಳ್ಳಬೇಕು. ಎಸ್ಟರ್ ಬಂಧದ್ದೂ ಅದೇ ಪಾಡು. ಅದು ತೀರ ಬಯಲಲ್ಲಿದ್ದರೆ ಕೋಶ ಸೇರುವ ಮುಂಚೆಯೇ ಕಣ ಸಡಿಲವಾದೀತು. ಅಕ್ಕಪಕ್ಕ ಕವಲುಗಳನ್ನು ಬೆಳೆಸಿ ಮರೆಮಾಡಿದರೆ ಕಿಣ್ವಕ್ಕೆ ಎಟುಕುವುದು ತಡವಾಗುತ್ತದೆ. ಮಾಡರ್ನಾ ಕೋವಿಡ್ ಲಸಿಕೆಯ ಎಸ್‌ಎಂ-102 ಲಿಪಿಡ್‌ನಲ್ಲಿ ಒಂದು ಎಸ್ಟರ್ ಬಯಲಲ್ಲಿದೆ, ಇನ್ನೊಂದು ಕವಲಿನ ಮರೆಯಲ್ಲಿ. ಫೈಜರ್ ಲಸಿಕೆಯ ಎಎಲ್‌ಸಿ-0315ರಲ್ಲಿ ಎರಡೂ ಕವಲಿನ ಪಕ್ಕದಲ್ಲೇ ಇವೆ. ಕವಲುಗಳನ್ನು ಸುಮ್ಮನೆ ಇಟ್ಟದ್ದಲ್ಲ. ಅಗಲ ಬಾಲ, ಕಿರಿದಾದ ತಲೆ ಇರುವ ಲಿಪಿಡ್ ಎಂಡೋಸೋಮಿನ ಗೋಡೆಯನ್ನು ಚೆನ್ನಾಗಿ ಕೆಡಿಸುತ್ತದೆ. ಹೊರಬೀಳಲು ನೆರವಾಗುವ ಕವಲೇ ಕರಗುವುದನ್ನು ನಿಧಾನ ಮಾಡುತ್ತದೆ. ಹೊಸ ಲಿಪಿಡ್ ವಿನ್ಯಾಸ ಮಾಡುವವರೆಲ್ಲ ತೂಗಿ ನೋಡುವುದು ಈ ಎರಡನ್ನೇ.

ಶೀಶೆಯೊಳಗೆ ಕೆಡುವ ಕಥೆ ಬೇರೆ. 2021ರಲ್ಲಿ ಮಾಡರ್ನಾ ವಿಜ್ಞಾನಿಗಳೇ ತೋರಿಸಿದಂತೆ, ಲಿಪಿಡ್‌ನ ತಲೆಯಲ್ಲಿರುವ ಸಾರಜನಕಕ್ಕೆ ಆಮ್ಲಜನಕ ಸೇರಿದರೆ ಕ್ರಮೇಣ ಆಲ್ಡಿಹೈಡ್ ಹುಟ್ಟಿ, ಕಣದೊಳಗಿನ ಎಂಆರ್‌ಎನ್‌ಎ ಎಂಬ ಬಗೆಯ ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ. ಅಂಥ ಎಳೆಯನ್ನು ಕೋಶ ಓದಲಾರದು. ಎಂಆರ್‌ಎನ್‌ಎ ನೀರಿನಲ್ಲಿ ತಾನಾಗಿಯೇ ತುಂಡಾಗುವುದೂ ಉಂಟು. ಫೈಜರ್ ಲಸಿಕೆ ಮೊದಲು ಬಂದಾಗ ಮೈನಸ್ 70 ಡಿಗ್ರಿ ಕೇಳಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಪೆಟ್ಟಿಗೆಗಳು ಕಾಯ್ದುಕೊಳ್ಳುವುದು 2ರಿಂದ 8 ಡಿಗ್ರಿ. ಪುಣೆಯ ಜೆನ್ನೋವಾ ಕಂಪನಿ ಎಂಆರ್‌ಎನ್‌ಎ ಲಸಿಕೆಯನ್ನು ಒಣಪುಡಿಯಾಗಿ ಮಾಡಿ ಆ ತಾಪಮಾನಕ್ಕೆ ಹೊಂದಿಸಿತು, 2022ರ ಜೂನ್‌ನಲ್ಲಿ ತುರ್ತು ಬಳಕೆಗೆ ಒಪ್ಪಿಗೆಯೂ ಸಿಕ್ಕಿತು. ಯಕೃತ್ತಿನಲ್ಲಿ ಎಷ್ಟೇ ಚೆನ್ನಾಗಿ ಕರಗುವ ಲಿಪಿಡ್ ಆದರೂ ಅದು ಆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯದಿದ್ದರೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದು ಸೇರಲಾರದು.